ಮೂರು ಹನಿ

ಸತ್ಯವತಿ ಆಂಟಿಯ ಫೋನ್ ಬಂದಾಗ ನಾನು ಹೊಸಹಳ್ಳಿಯ ನಮ್ಮ ಮನೆಯ ಹಾಲಿನಲ್ಲಿ ಮಕ್ಕಳ ಪಾಠ ಮುಗಿಸುತ್ತಿದ್ದೆ. ಹದಿನೈದು ವರ್ಷಗಳಿಂದ ಆ ನಂಬರಿನಿಂದ ನನಗೆ ಒಂದು ಫೋನೂ ಬಂದಿರಲಿಲ್ಲ. ಆದರೂ ಮೊಬೈಲು ಬದಲಾಯಿಸಿದಾಗಲೆಲ್ಲ ಅದು ಹೇಗೋ ನನ್ನ ಬೆನ್ನು ಹತ್ತಿ ಬಂದಿತ್ತು. ಪರದೆಯ ಮೇಲೆ 'ಪದ್ಮನಾಭ ಸಾರ್ ಮನೆ' ಎಂದು ಕಂಡಾಗ, ನನಗೆ ಖಂಜಿರ ಕಲಿಸಿದ ಸಾರ್ ತೀರಿಕೊಂಡರೇನೋ ಎಂದು ಮೊದಲು ಅನ್ನಿಸಿತು. ತೀರಿಕೊಂಡಿದ್ದರೆ ನನಗೇನು ಎಂದು ಆಮೇಲೆ ಅನ್ನಿಸಿತು.

"ಸ್ಮೃತಿ, ನಾನಮ್ಮ. ಫಾರೆಸ್ಟ್‌ನೋರು ಬಂದಿದಾರೆ. ಇವರನ್ನ ಕರ್ಕೊಂಡು ಹೋಗ್ತೀವಿ ಅಂತ ಕೂತಿದಾರೆ. ಖಂಜಿರ ಗೊತ್ತಿರೋರು ಯಾರಾದ್ರೂ ಇದ್ರೆ ಕರೆಸಿ, ನೋಡಿ ಹೇಳ್ಲಿ ಅಂದ್ರು. ಸ್ವಲ್ಪ ಬಾರಮ್ಮ."

"ಮುರಳೀಕೃಷ್ಣನ್ನ ಕರೀರಿ ಆಂಟಿ. ಅವನು ಅಲ್ಲೇ ಇರ್ತಾನಲ್ಲ."

"ಅವನಿಗೆ ಫೋನ್ ಮಾಡಿದ್ದಾಯ್ತು. ಅವನು ಬಾಯಿ ಬಿಟ್ಟಿದ್ದಕ್ಕೇ ಇನ್ನೂ ಕೆಟ್ಟೋಯ್ತು. ಇವರ ಶಿಷ್ಯರೆಲ್ಲ ಒಂದೇ ಪಾಠ ಒಪ್ಪಿಸ್ತಾರೆ. ಮೇಕೆ ಚರ್ಮದಲ್ಲಿ ನುಡಿಸೋಳು ನೀನೊಬ್ಳೇ. ವ್ಯತ್ಯಾಸ ನಿಂಗೆ ಗೊತ್ತಿರುತ್ತೆ. ಕೈ ಮುಗೀತೀನಿ ಬಾ."

ಹೀಗೆ ಕೈ ಮುಗಿದವರು ಸಾರ್ ಹೆಂಡತಿ, ಆರು ವರ್ಷ ಪಾಠದ ದಿನ ತಪ್ಪದೆ ನನಗೆ ಕಾಫಿ ಕೊಟ್ಟವರು. ಮಕ್ಕಳನ್ನು ಕಳಿಸಿ ಸ್ಕೂಟರಿನ ಕೀ ತೆಗೆದುಕೊಂಡೆ.

ಖಂಜಿರ ನೋಡದವರಿಗೆ ಒಂದು ಮಾತು. ಅದು ಹಲಸಿನ ಮರದ ಒಂದು ಬಳೆ, ಊಟದ ತಟ್ಟೆಗಿಂತ ಚಿಕ್ಕದು. ಒಂದು ಮಗ್ಗುಲಿಗೆ ಚರ್ಮ, ಇನ್ನೊಂದು ಮಗ್ಗುಲು ಬಯಲು. ಬಳೆಯ ಪಕ್ಕದಲ್ಲಿ ಒಂದು ಸೀಳು, ಅದರೊಳಗೆ ತಂತಿಗೆ ಪೋಣಿಸಿದ ಎರಡು ಹಳೆಯ ನಾಣ್ಯ. ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ನುಡಿಸುತ್ತೇವೆ. ನುಡಿಸುವ ಮೊದಲು ಚರ್ಮಕ್ಕೆ ಒಳಗಿನಿಂದ ನೀರು ಹಚ್ಚಿ ಶ್ರುತಿ ಇಳಿಸಬೇಕು. ಹಿಂದಿನ ಕಾಲದಲ್ಲಿ ಅದಕ್ಕೆ ಹಾಕುತ್ತಿದ್ದದ್ದು ಉಡದ ಚರ್ಮ. ಈಗ ಉಡವನ್ನು ಮುಟ್ಟಿದರೆ ಜೈಲು. ಹಾಗಾಗಿ ನನ್ನಂಥವರು ಮೇಕೆ ಚರ್ಮ ಹಾಕಿಸಿಕೊಳ್ಳುತ್ತೇವೆ. ಹಳೆಯ ವಿದ್ವಾಂಸರು ಮೂಗು ಮುರಿಯುತ್ತಾರೆ.

ಪದ್ಮನಾಭ ಸಾರ್ ಮೂಗು ಮುರಿದು ಸುಮ್ಮನಾದವರಲ್ಲ. ರಾಮೋತ್ಸವದ ಪೆಂಡಾಲಿನಲ್ಲಿ, ನನಗೆ ಇಪ್ಪತ್ತು ವರ್ಷ ವಯಸ್ಸಾಗಿದ್ದಾಗ, ನನ್ನ ಮೊದಲ ಕಛೇರಿಗೆ ಐದು ನಿಮಿಷ ಇರುವಾಗ ವೇದಿಕೆಗೆ ಬಂದರು. ನನ್ನ ತೊಡೆಯ ಮೇಲಿದ್ದ ಖಂಜಿರವನ್ನು ಎತ್ತಿಕೊಂಡು ಒಂದು ಪೆಟ್ಟು ಕೊಟ್ಟರು. "ಯಾರು ಮಾಡಿದ್ದು?" ಎಂದು ಕೇಳಿದರು. "ಬಾಪೂಜಿ ನಗರದ ಯಲ್ಲಪ್ಪ ಸಾರ್," ಎಂದೆ. ಅವರ ಮುಖ ಒಂದು ಥರ ಆಯಿತು. ಎದುರಿನ ಮೈಕ್ ಆನ್ ಆಗಿದೆ ಎಂದು ಗೊತ್ತಿದ್ದೇ, "ಮೇಕೆ ಚರ್ಮ ಇದು. ಮನೆಗೆ ತಗೊಂಡು ಹೋಗಿ ಅಕ್ಕಿ ಆರಿಸೋಕೆ ಇಟ್ಕೋ ಹೋಗು," ಎಂದರು. ಪೆಂಡಾಲು ನಕ್ಕಿತು. ನಾನು ಎದ್ದು ಬಂದೆ. ನಾಲ್ಕು ವರ್ಷ ವೇದಿಕೆ ಹತ್ತಲಿಲ್ಲ. ಆಮೇಲೆ ಹತ್ತಿದ್ದೂ ಅವರ ಮೇಲಿನ ಹಟಕ್ಕೇ. ಇವತ್ತಿಗೂ ಯಾರಾದರೂ ಮೊರ ಹಿಡಿದು ಕೂತರೆ ನನಗೆ ಮೈ ಉರಿಯುತ್ತದೆ.

ಭಾಷ್ಯಂ ಸರ್ಕಲ್ ಹತ್ತಿರದ ಅವರ ಮನೆಯ ಗೇಟಿಗೆ ಅಡ್ಡಲಾಗಿ ಜೀಪು ನಿಂತಿತ್ತು. ಎದುರು ಮನೆಯ ಬಾಲ್ಕನಿಯಲ್ಲಿ ಒಣಗಿದ ಬಟ್ಟೆಯನ್ನು ಬಹಳ ನಿಧಾನವಾಗಿ ತೆಗೆಯುತ್ತಿದ್ದರು.

ಹಾಲಿನಲ್ಲಿ ಅಧಿಕಾರಿ ಮಹದೇವ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಅವರ ಪಕ್ಕದಲ್ಲಿ ಒಬ್ಬ ಮಹಿಳಾ ಗಾರ್ಡ್ ಮೊಬೈಲ್ ಎತ್ತಿ ಹಿಡಿದು ರೆಕಾರ್ಡ್ ಮಾಡುತ್ತಿದ್ದಳು. ಟೀಪಾಯಿಯ ಮೇಲೆ ಪೇಪರು ಹಾಸಿ ಅದರ ಮೇಲೆ ಸಾರ್ ಅವರ ಖಂಜಿರ ಇಟ್ಟಿದ್ದರು. ಆರು ವರ್ಷ ಅವರ ಎದುರು ಕೂತು ಕಲಿತರೂ ನಾನು ಅದನ್ನು ಮುಟ್ಟಿರಲಿಲ್ಲ. ಯಾರೂ ಮುಟ್ಟುವಂತಿರಲಿಲ್ಲ. ರೇಷ್ಮೆ ಚೀಲದಿಂದ ಅವರೇ ತೆಗೆಯುತ್ತಿದ್ದರು, ಅವರೇ ಒಳಗಿಡುತ್ತಿದ್ದರು.

ಸಾರ್ ದಿವಾನದ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ತುಂಬ ಇಳಿದುಹೋಗಿದ್ದರು. ನನ್ನನ್ನು ನೋಡಿದವರೇ ಆಂಟಿಯ ಕಡೆ ತಿರುಗಿದರು.

"ಇವಳನ್ನ ಯಾಕೆ ಕರೆಸ್ದೆ?"

"ನಿಮ್ಮನ್ನ ಕರ್ಕೊಂಡು ಹೋಗ್ದೇ ಇರ್ಲಿ ಅಂತ," ಎಂದರು ಆಂಟಿ. ಅವರ ಕೈಯಲ್ಲಿ ಒಂದು ಬಟ್ಟೆ ಚೀಲ ಇತ್ತು. ಬಿಪಿ ಮಾತ್ರೆ, ಟವೆಲ್ಲು, ಒಂದು ಜೊತೆ ಪಂಚೆ ಆಗಲೇ ತುಂಬಿ ಇಟ್ಟುಕೊಂಡಿದ್ದರು.

ಮಹದೇವ್ ಎದ್ದು ನಿಂತು ನಮಸ್ಕಾರ ಮಾಡಿದರು. ಜೋರು ದನಿಯ ಮನುಷ್ಯನಲ್ಲ. "ಮೇಡಂ, ಮೊದಲು ಇದನ್ನ ನೋಡಿ," ಎಂದು ತಮ್ಮ ಫೋನಿನಲ್ಲಿ ಒಂದು ವಿಡಿಯೋ ಹಾಕಿದರು. ಹೋದ ತಿಂಗಳು ಯಾರೋ ಸಂಗೀತದ ಚಾನೆಲ್‌ನವರು ಸಾರ್ ಅವರನ್ನು ಮಾತಾಡಿಸಿದ್ದರು. ಅದರಲ್ಲಿ ಸಾರ್ ಖಂಜಿರವನ್ನು ಎದೆಯ ಮಟ್ಟಕ್ಕೆ ಎತ್ತಿ ಹೇಳುತ್ತಿದ್ದರು: "ಅಪ್ಪಟ ಉಡದ ಚರ್ಮ. ಹೋದ ವರ್ಷ ತಾನೇ ಹೊಸದು ಹಾಕಿಸ್ದೆ. ಮೇಕೆ ಚರ್ಮದಲ್ಲಿ ನುಡಿಸೋದೂ ಒಂದೇ, ರಟ್ಟು ಬಡಿಯೋದೂ ಒಂದೇ."

"ಯಾರೋ ಪ್ರಾಣಿ ದಯಾ ಸಂಘದೋರು ಇದನ್ನ ನಮಗೆ ಕಳಿಸಿದ್ರು," ಎಂದರು ಮಹದೇವ್. "ಹುಲಿಗೆ ಏನು ಕಾನೂನೋ ಉಡಕ್ಕೂ ಅದೇ ಕಾನೂನು. ಹಳೇದಾಗಿದ್ರೆ ಒಂದು ಮಾತು. ಇವರೇ ಹೊಸದು ಅಂತಾರೆ. ಯಾರು ಮಾಡಿಕೊಟ್ರು ಅಂದ್ರೆ ಬಾಯಿ ಬಿಡಲ್ಲ. ಆ ಮುರಳೀಕೃಷ್ಣ ಅನ್ನೋರಿಗೆ ಅಮ್ಮ ಫೋನ್ ಹಚ್ಚಿದ್ರು. ಅವರು ಸ್ಪೀಕರಲ್ಲಿ ಏನಂದ್ರು ಗೊತ್ತಾ? ನಮ್ಮ ಮೇಷ್ಟ್ರು ಮೇಕೆ ಚರ್ಮ ಮುಟ್ಟಿದೋರೇ ಅಲ್ಲ, ನೂರಕ್ಕೆ ನೂರು ಉಡ, ಬೇಕಾದ್ರೆ ಬರ್ಕೊಡ್ತೀನಿ ಅಂದ್ರು. ನಿಮ್ದು ಯಾವುದು ಸಾರ್ ಅಂದೆ. ನಂದಾ, ನಂದು ಫೈಬರ್ರು ಅಂದು ಫೋನ್ ಇಟ್ಬಿಟ್ರು."

ಬೇರೆ ದಿನವಾಗಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

"ಲ್ಯಾಬ್ ರಿಪೋರ್ಟ್ ಬರೋಕೆ ತಿಂಗಳು ಹಿಡಿಯುತ್ತೆ," ಎಂದು ಅವರು ಮುಂದುವರಿಸಿದರು. "ಅಲ್ಲೀತನಕ ಇವರು ಹೇಳಿದ್ದೇ ಸಾಕ್ಷಿ. ಕೇಸು ಹಾಕಿ ಇವತ್ತೇ ಕರ್ಕೊಂಡು ಹೋಗ್ಬೇಕು. ವಯಸ್ಸಾದೋರು, ಬೇಲ್ ಅಷ್ಟು ಸುಲಭಕ್ಕೆ ಸಿಗಲ್ಲ, ನನಗೂ ಇಷ್ಟ ಇಲ್ಲ. ಬೇರೆ ಏನಾದ್ರೂ ಇದೆ ಅನ್ನೋಕೆ ಕಣ್ಣಿಗೆ ಕಾಣೋ ಆಧಾರ ಇದ್ರೆ ಕೊಡಿ. ಇದು ಯಾರು ಮಾಡಿದ್ದು, ಎಲ್ಲಿಂದ ಬಂತು, ಏನು ಹಾಕಿದಾರೆ, ನೋಡಿ ಹೇಳಿ. ಕ್ಯಾಮೆರಾ ಆನ್ ಇದೆ. ಸುಳ್ಳು ಹೇಳಿದ್ರೆ ನೀವೂ ಜೊತೆಗೆ ಬರ್ಬೇಕಾಗುತ್ತೆ."

ನಾನು ನೆಲದ ಮೇಲೆ ಕೂತು ಖಂಜಿರವನ್ನು ಎತ್ತಿಕೊಂಡೆ. ಸಾರ್ ಅವರ ಬಲಗೈ ತಡೆಯುವುದಕ್ಕೆಂದು ಅರ್ಧ ಮೇಲೆದ್ದು ಮತ್ತೆ ತೊಡೆಯ ಮೇಲೆ ಕೂತಿತು.

ಬಳೆ ನಿಜಕ್ಕೂ ಹಳೆಯದು. ಒಳಮೈ ಬೆವರು ಕುಡಿದು ಕಪ್ಪಾಗಿತ್ತು. ಹೆಬ್ಬೆರಳು ಊರುವ ಕಡೆ ಮರ ಸವೆದು ಒಂದು ಅಗಲದ ತಗ್ಗು, ಆ ತಗ್ಗಿನೊಳಗೆ ಇನ್ನೊಂದು ಚಿಕ್ಕ ತಗ್ಗು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಂದ ವಾದ್ಯ. ಇದು ತಮ್ಮ ಗುರುಗಳು ಕೊಟ್ಟಿದ್ದು ಎಂದು ಸಾರ್ ಯಾವಾಗಲೂ ಹೇಳುತ್ತಿದ್ದರು, ಅಷ್ಟು ಮಾತ್ರ ನಿಜವೇ ಇರಬೇಕು. ನಾಲಿಗೆಯ ತುದಿಗೆ ಬಂದ ವ್ಯಂಗ್ಯವನ್ನು ನುಂಗಿಕೊಂಡು ಅದನ್ನೆಲ್ಲ ಮಹದೇವ್‌ಗೆ ತೋರಿಸಿದೆ.

ಚರ್ಮವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಮೇಲ್ಮೈ ತುಂಬ ಸಣ್ಣ ಸಣ್ಣ ಕಾಳು, ಸಾಲು ಸಾಲಾಗಿ. ಉಡದ ಚರ್ಮದ ಗುರುತೇ ಅದು. ಗಾರ್ಡ್ ಮೊಬೈಲನ್ನು ಹತ್ತಿರ ತಂದು ಝೂಮ್ ಮಾಡಿದಳು. ಆಂಟಿ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಮುಖ ತಿರುಗಿಸಿದೆ.

"ನಾದ ಕೇಳಿ ನೋಡ್ತೀನಿ. ಸ್ವಲ್ಪ ನೀರು ಕೊಡಿ ಆಂಟಿ."

ಅವರು ಚೊಂಬು ತಂದರು. ನಾನು ಬೆರಳು ಅದ್ದಿದ್ದೇ ತಡ, ಸಾರ್ ದನಿ ಬಂತು. "ಮೂರೇ ಹನಿ."

ಪಾಠದ ಕೋಣೆಯ ಅದೇ ದನಿ. ಖಂಜಿರಕ್ಕೆ ಮೂರು ಹನಿಗಿಂತ ಹೆಚ್ಚು ನೀರು ಹಾಕಬಾರದು, ಹಾಕಿದರೆ ಉಡದ ಚರ್ಮ ಸತ್ತುಹೋಗುತ್ತದೆ, ಇದು ನಮ್ಮ ಪರಂಪರೆಯ ಕಟ್ಟಳೆ ಎಂದು ಅವರು ಪ್ರತಿಯೊಬ್ಬ ಶಿಷ್ಯನಿಗೂ ಮೊದಲ ದಿನವೇ ಹೇಳುತ್ತಿದ್ದರು. ಬೇರೆ ಕಡೆ ಕಲಿತವರು ಕೈತುಂಬ ನೀರು ಎರಚಿಕೊಳ್ಳುತ್ತಾರೆ. ಪದ್ಮನಾಭ ಸಾರ್ ಶಿಷ್ಯರನ್ನು ಆ ಮೂರು ಹನಿಯಿಂದಲೇ ಗುರುತು ಹಿಡಿಯಬಹುದು. ಅವರನ್ನು ಬಿಟ್ಟು ಬಂದ ನಾನೂ, ಮೇಕೆ ಚರ್ಮಕ್ಕೂ, ಹದಿನೈದು ವರ್ಷವೂ ಮೂರೇ ಹನಿ ಹಾಕುತ್ತಿದ್ದೆ.

ಮೂರು ಹನಿ ಹಚ್ಚಿ ಒಳಗಿನಿಂದ ತೀಡಿ ನಾಲ್ಕು ಪೆಟ್ಟು ನುಡಿಸಿದೆ. ದುಂಡನೆಯ ನಾದ, ಕೊನೆಯಲ್ಲಿ ಸ್ವಲ್ಪ ಬಿಗಿ. ಎಲ್ಲೋ ಕೇಳಿದ ನಾದ. ಎಲ್ಲಿ ಎಂದು ಹೊಳೆಯಲಿಲ್ಲ.

"ನಾಣ್ಯದ ಮೇಲೆ ಇಸವಿ ಇರುತ್ತಲ್ಲ ಮೇಡಂ," ಎಂದರು ಮಹದೇವ್.

ತಲೆಯ ಪಿನ್ ತೆಗೆದು ಸೀಳಿನಲ್ಲಿದ್ದ ತಂತಿಯನ್ನು ಎಬ್ಬಿ ನಾಣ್ಯಗಳನ್ನು ಹೊರಗೆ ತೆಗೆದೆ. ಬ್ರಿಟಿಷರ ಕಾಲದ ಕಾಲಾಣೆ. ದೊರೆಯ ಮುಖ ಸವೆದುಹೋಗಿತ್ತು, ೧೯೩೩ ಎಂಬುದು ಮಾತ್ರ ಉಳಿದಿತ್ತು. ಮಹದೇವ್ ಅದನ್ನು ತಿರುಗಿಸಿ ನೋಡಿ, "ಮರ ಹಳೇದು, ಒಪ್ಕೊಂಡೆ. ಚರ್ಮ ಹಳೇದು ಅಂತ ಇದು ಹೇಳಲ್ಲ," ಎಂದು ವಾಪಸು ಕೊಟ್ಟರು.

ತಂತಿಯನ್ನು ಮತ್ತೆ ಹಾಕಲು ಸೀಳಿನೊಳಗೆ ಇಣುಕಿದಾಗ ಕಂಡಿತು. ನಾಣ್ಯ ಮುಚ್ಚಿಕೊಂಡಿದ್ದ ಕಡೆ, ಮರದ ಮೇಲೆ, ಅರದಿಂದ ಉಜ್ಜಿದ ಸಣ್ಣ ಗೀರುಗಳು. ಒಂದರ ಪಕ್ಕ ಒಂದು, ಎಂಟೋ ಒಂಬತ್ತೋ. ಹಳೆಯವು ಕಪ್ಪಾಗಿದ್ದವು. ಕೊನೆಯದರಲ್ಲಿ ಇನ್ನೂ ಹಲಸಿನ ಹಳದಿ ಇತ್ತು.

"ಇದು ಯಲ್ಲಪ್ಪಣ್ಣನ ಕೈ," ಎಂದುಬಿಟ್ಟೆ.

ಬಾಯಿ ಕಚ್ಚಿಕೊಳ್ಳುವಷ್ಟರಲ್ಲಿ ಮಹದೇವ್ ಕೇಳಿಸಿಕೊಂಡಿದ್ದರು. "ಯಾವ ಯಲ್ಲಪ್ಪ?"

ಕ್ಯಾಮೆರಾ ನನ್ನ ಮುಖದ ಮೇಲಿತ್ತು. ಸುಳ್ಳು ಹೇಳಲು ಹೊಳೆಯಲಿಲ್ಲ. ಬಾಪೂಜಿ ನಗರದಲ್ಲಿ ಒಂದು ಗೂಡಂಗಡಿಯಷ್ಟು ಜಾಗದಲ್ಲಿ ಕೂತು ತಮಟೆ, ಹಲಗಿ, ಖಂಜಿರಕ್ಕೆಲ್ಲ ಚರ್ಮ ಹಾಕುವವರು ಯಲ್ಲಪ್ಪಣ್ಣ. ಬಾಗಲಕೋಟೆ ಕಡೆಯವರು. ಒಂದು ವಾದ್ಯಕ್ಕೆ ಪ್ರತಿ ಸಲ ಚರ್ಮ ಬದಲಾಯಿಸಿದಾಗಲೂ ಯಾರಿಗೂ ಕಾಣದ ಕಡೆ ಒಂದು ಗೀರು ಹಾಕುತ್ತಾರೆ. ನನ್ನದರಲ್ಲೂ ಇದೆ. ಯಾಕಣ್ಣ ಎಂದು ಒಮ್ಮೆ ಕೇಳಿದ್ದಕ್ಕೆ, "ಎಷ್ಟ್ ಸಲ ನನ್ನ ಕಡೆ ಬಂದೈತಿ ಅಂತ ಗುರ್ತ ಸಿಗಬೇಕಲ್ಲರೀ ಅಕ್ಕಾರ," ಎಂದಿದ್ದರು. ಇಷ್ಟನ್ನು ಹೇಳಿದೆ. ಹೇಳುತ್ತಿರುವಾಗಲೇ ನನ್ನ ಮಾತು ನನಗೇ ಕೇಳಿಸಿತು.

ಯಲ್ಲಪ್ಪಣ್ಣ ಉಡ ಹಾಕುವುದಿಲ್ಲ. ಎಷ್ಟು ಜನ ಕೇಳಿದ್ದಾರೆ, ಎಷ್ಟು ಕಾಡಿದ್ದಾರೆ, ನಾನೇ ಕಂಡಿದ್ದೇನೆ. ಮೇಕೆ ಬಿಟ್ಟು ಬೇರೆ ಮುಟ್ಟುವುದಿಲ್ಲ. ಈಗ ನೆನಪಾಯಿತು ಆ ನಾದವನ್ನು ಎಲ್ಲಿ ಕೇಳಿದ್ದೆನೆಂದು. ನನ್ನ ಮನೆಯಲ್ಲೇ, ನನ್ನ ತೊಡೆಯ ಮೇಲೆ.

ಚರ್ಮವನ್ನು ಮತ್ತೆ ಬೆಳಕಿಗೆ ಹಿಡಿದೆ. ಉಡದ ಕಾಳು ಬೆನ್ನ ಕಡೆ ದಪ್ಪ, ಮಗ್ಗುಲಿಗೆ ಬಂದಂತೆ ಸಣ್ಣ. ಇಲ್ಲಿ ಒಂದಂಚಿನಿಂದ ಇನ್ನೊಂದಂಚಿಗೆ ಎಲ್ಲ ಒಂದೇ ಅಳತೆ, ಗೆರೆ ಎಳೆದಷ್ಟು ನೇರ. ಯಾರೋ ಒತ್ತಿ ಮೂಡಿಸಿದ ಕಾಳು.

ಎಣಿಸಿದೆ, ಒಂಬತ್ತು ಗೀರು. ಹಾಗಾದರೆ ಎಷ್ಟು ವರ್ಷದಿಂದ? ಪೆಂಡಾಲಿನ ಆ ಸಂಜೆ, ನನ್ನನ್ನು ಅಕ್ಕಿ ಆರಿಸಲು ಕಳಿಸಿದ ಆ ಸಂಜೆ, ಅವರ ರೇಷ್ಮೆ ಚೀಲದಲ್ಲಿ ಇದ್ದದ್ದೂ ಮೇಕೆ. ನನಗೆ ಬಂದ ಸಿಟ್ಟಿಗೆ ಖಂಜಿರವನ್ನು ಗೋಡೆಗೆ ಅಪ್ಪಳಿಸಬೇಕು ಅನ್ನಿಸಿತು.

ತಲೆ ಎತ್ತಿದೆ. ಸಾರ್ ನನ್ನನ್ನೇ ನೋಡುತ್ತಿದ್ದರು. ನನಗೆ ಗೊತ್ತಾಯಿತು ಎಂದು ಅವರಿಗೂ ಗೊತ್ತಾಗಿತ್ತು. ಯಾರಿಗೂ ಕಾಣದಷ್ಟು ಸಣ್ಣದಾಗಿ ತಲೆ ಅಲ್ಲಾಡಿಸಿದರು. ಬೇಡ. ಹೇಳಬೇಡ.

ಜೈಲಿಗೆ ಬೇಕಾದರೂ ಹೋಗುತ್ತೇನೆ, ಅದೊಂದು ಮಾತು ಮಾತ್ರ ಹೇಳಬೇಡ ಎನ್ನುವ ಮನುಷ್ಯನನ್ನು ನಾನು ಅವತ್ತೇ ಮೊದಲು ನೋಡಿದ್ದು.

"ಏನು ಮೇಡಂ?" ಎಂದರು ಮಹದೇವ್.

"ಮೇಕೆ ಚರ್ಮ ಇದು," ಎಂದೆ. ಅವರನ್ನು ಉಳಿಸಲು ಹೇಳಿದೆನೋ, ಬಯಲಿಗೆಳೆಯಲು ಹೇಳಿದೆನೋ, ಆ ಹೊತ್ತಿನಲ್ಲಿ ನನಗೇ ತಿಳಿಯಲಿಲ್ಲ. ಎರಡೂ ಇತ್ತು. ಕಾಳಿನ ಅಳತೆ ತೋರಿಸಿದೆ, ಯಲ್ಲಪ್ಪಣ್ಣನ ಕಟ್ಟುನಿಟ್ಟು ಹೇಳಿದೆ. ಆಂಟಿ ಉಸಿರು ಬಿಟ್ಟು ಸೋಫಾದ ತೋಳಿನ ಮೇಲೆ ಕೂತರು.

"ಸುಳ್ಳು," ಎಂದರು ಸಾರ್. "ಉಡಾನೇ ಅದು. ಈ ಹುಡುಗಿಗೆ ಏನು ಗೊತ್ತು? ಮೇಕೆ ಬಡಿಯೋಳಿಗೆ ಎಲ್ಲಾ ಮೇಕೆ ಥರಾನೇ ಕಾಣುತ್ತೆ. ಬರ್ಕೊಳ್ಳಿ, ಉಡ."

"ಏನ್ರೀ," ಎಂದು ಆಂಟಿ ಎದ್ದರು. "ತಲೆ ಕೆಟ್ಟಿದ್ಯಾ ನಿಮಗೆ? ಅವಳು ಉಳಿಸ್ತಾ ಇದಾಳೆ ಕಣ್ರೀ."

"ನನ್ನ ಯಾರೂ ಉಳಿಸೋದು ಬೇಡ."

ಮಹದೇವ್ ನನ್ನ ಕಡೆ ನೋಡಿ ಕೈ ಚೆಲ್ಲಿದರು. "ನೋಡಿ ಮೇಡಂ. ನಿಮ್ಮನ್ನ ಕರೆಸಿದ್ದು ಅವರ ಮನೆಯವರು, ನೀವು ಅವರ ಹಳೇ ಶಿಷ್ಯೆ. ಇವರೇ ಉಡ ಅಂತಿರುವಾಗ ನಿಮ್ಮ ಮಾತನ್ನ ನಾನು ಹೆಂಗೆ ಬರ್ಕೊಳ್ಳಲಿ?" ಎಂದು ಫೋನ್ ತೆಗೆದು ಯಾರಿಗೋ ಹಚ್ಚಿದರು. "ಹಾಂ, ಮೈಸೂರು ರೋಡ್ ಕಡೆ ಗಾಡಿ ಇದ್ಯಾ? ಬಾಪೂಜಿ ನಗರಕ್ಕೆ ಹೋಗಿ. ಯಲ್ಲಪ್ಪ ಅಂತ, ಚರ್ಮವಾದ್ಯ ರಿಪೇರಿ. ಎತ್ಕೊಂಡು ಬನ್ನಿ. ಅಂಗಡೀಲಿ ಇರೋದೆಲ್ಲ ಸೀಜ್ ಮಾಡಿ."

ಆ ಹೆಸರು ನನ್ನ ಬಾಯಿಂದ ಬಂದಿತ್ತು. ಯಲ್ಲಪ್ಪಣ್ಣ ಇಷ್ಟು ಹೊತ್ತಿಗೆ ಅಂಗಡಿಯ ಮುಂದೆ ಚರ್ಮ ಒಣಹಾಕಿ, ಹೆಂಡತಿ ಕಸ್ತೂರೆವ್ವ ತಂದ ಬುತ್ತಿ ಬಿಚ್ಚುತ್ತಿರುತ್ತಾರೆ.

"ಅವನನ್ಯಾಕೆ?" ಸಾರ್ ದನಿ ಮೊದಲ ಸಲ ಕುಗ್ಗಿತ್ತು. "ಅವನಿಗೂ ಇದಕ್ಕೂ ಸಂಬಂಧ ಇಲ್ಲ. ಕರ್ಕೊಂಡು ಹೋಗೋದಾದ್ರೆ ನನ್ನ ಕರ್ಕೊಂಡು ಹೋಗಿ."

"ಬೇಟೆ ಮಾಲಿಂದ ವಾದ್ಯ ಮಾಡಿದೋನು ಮೊದಲನೇ ಆರೋಪಿ ಯಜಮಾನ್ರೇ. ನೀವು ಎರಡನೆಯೋರು. ನಿಮಗೆ ವಯಸ್ಸು ನೋಡಿ ಬೇಲ್ ಕೊಟ್ಟಾರು. ಅವನಿಗೆ ಯಾರು ಕೊಡ್ತಾರೆ?"

"ಸಾರ್," ಎಂದೆ. "ಇಷ್ಟು ವರ್ಷ ನಿಮ್ಮ ಗುಟ್ಟು ಕಾಪಾಡಿದಾರೆ ಅವರು. ನಾನು ತಿಂಗಳಿಗೊಂದ್ಸಲ ಅವರ ಅಂಗಡೀಲಿ ಕೂತು ನಿಮ್ಮನ್ನ ಬೈದಿದೀನಿ. ಒಂದಿನಾನೂ ಬಾಯಿ ಬಿಟ್ಟಿಲ್ಲ. ಅವರನ್ನ ಜೈಲಿಗೆ ಕಳಿಸ್ತೀರಾ?"

ಗಾರ್ಡ್ ಮೊಬೈಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು. ಸಾರ್ ತಮ್ಮ ಅಂಗೈ ನೋಡಿಕೊಂಡರು. ಆಮೇಲೆ ದಿವಾನದಿಂದ ಇಳಿದು, ಮೊಣಕಾಲು ಹಿಡಿದುಕೊಂಡು ನನ್ನೆದುರು ನೆಲದ ಮೇಲೆ ಕೂತರು. ಪಾಠಕ್ಕೆ ಕೂರುತ್ತಿದ್ದ ಹಾಗೇ. ಕೈ ಚಾಚಿದರು. ಖಂಜಿರ ಕೊಟ್ಟೆ.

"ಚೊಂಬು," ಎಂದರು.

ಎಡಗೈಯಲ್ಲಿ ಖಂಜಿರವನ್ನು ಮೇಲ್ಮುಖವಾಗಿ ಹಿಡಿದು, ಬಲಗೈಯಲ್ಲಿ ಚೊಂಬೆತ್ತಿ, ಚರ್ಮದ ಮೇಲೆ ನೀರು ಸುರಿದರು. ಮೂರು ಹನಿಯಲ್ಲ. ಚೊಂಬು ಪೂರ್ತಿ. ನೀರು ಅವರ ಪಂಚೆಯ ಮೇಲೆ, ನೆಲದ ಮೇಲೆ, ಪೇಪರಿನ ಮೇಲೆ ಹರಿಯಿತು. ನಾನು ಹೌಹಾರಿ ಕೈ ಅಡ್ಡ ಹಿಡಿಯಲು ಹೋದೆ. ಅಷ್ಟು ಆಳಕ್ಕೆ ಇಳಿದಿತ್ತು ಆ ಕಟ್ಟಳೆ.

"ಇನ್ನೂ ಸ್ವಲ್ಪ ತಾ," ಎಂದರು. ಆಂಟಿ ಎರಡನೇ ಚೊಂಬು ತಂದರು. ಅದನ್ನೂ ಸುರಿದು, ಅಂಗೈಯಿಂದ ಚರ್ಮವನ್ನು ಮೆಲ್ಲಗೆ ತೀಡುತ್ತ ಹೋದರು. ಮಹದೇವ್ ಕುರ್ಚಿಯಿಂದ ಎದ್ದು ಬಗ್ಗಿ ನಿಂತರು. ಗಾರ್ಡ್ ಕೂಡ ಮಂಡಿಯೂರಿದಳು.

ಕಾಳುಗಳು ಕರಗತೊಡಗಿದವು. ಮೊದಲು ನಡುವಿನವು, ಆಮೇಲೆ ಅಂಚಿನವು. ನೀರು ಕುಡಿದು ಚರ್ಮ ಉಬ್ಬಿದ ಹಾಗೆಲ್ಲ ಒತ್ತಿ ಮೂಡಿಸಿದ್ದು ಅಳಿಸಿಹೋಯಿತು. ಸ್ವಲ್ಪ ಹೊತ್ತಿನಲ್ಲಿ ಸಾರ್ ಕೈಯಲ್ಲಿ ಇದ್ದದ್ದು ನುಣ್ಣನೆಯ, ಬಿಳಿಚಿದ, ಎಲ್ಲ ತಮಟೆಯ ಅಂಗಡಿಯಲ್ಲೂ ಕಾಣುವ ಮೇಕೆಯ ತೊಗಲು. ಹಸಿ ವಾಸನೆಯೂ ಅದೇ.

"ಹಸಿ ಇರುವಾಗ ಸೊಳ್ಳೆ ಪರದೆ ಇಟ್ಟು ಒತ್ತಿ ಒಣಗಿಸ್ತಾನೆ," ಎಂದರು ಸಾರ್, ಯಾರ ಮುಖವನ್ನೂ ನೋಡದೆ. "ನಾನೇ ಹೇಳಿ ಮಾಡಿಸಿದ್ದು. ಅವನು ಬ್ಯಾಡ್ರಿ ಸರ ಅಂತಾನೇ ಇದ್ದ. ನೀರು ಜಾಸ್ತಿ ಬಿದ್ರೆ ಕಾಳು ಹೋಗ್ಬಿಡುತ್ತೆ. ಅದಕ್ಕೇ ಮೂರು ಹನಿ."

ಅದಕ್ಕೇ ಮೂರು ಹನಿ. ಎರಡು ಮೂರು ತಲೆಮಾರಿನ ಶಿಷ್ಯರು ವೇದಿಕೆಯ ಮೇಲೆ ಎದೆಯುಬ್ಬಿಸಿಕೊಂಡು ಎಣಿಸಿ ಹಾಕುತ್ತಿದ್ದ ಹನಿಗಳ ಪರಂಪರೆ ಅಷ್ಟೇ ಆಗಿತ್ತು.

ಮಹದೇವ್ ಚರ್ಮವನ್ನು ಬೆರಳಿನಿಂದ ಮುಟ್ಟಿ ನೋಡಿದರು. ಮತ್ತೆ ಫೋನ್ ತೆಗೆದರು. "ಬಾಪೂಜಿ ನಗರಕ್ಕೆ ಬೇಡ, ವಾಪಸ್ ಬನ್ನಿ." ಆಮೇಲೆ ಅಂಚಿನಿಂದ ಒಂದು ಚೂರನ್ನು ಬ್ಲೇಡಿನಲ್ಲಿ ಕತ್ತರಿಸಿ ಕವರಿನಲ್ಲಿ ಹಾಕಿಕೊಂಡರು. "ಇದು ಲ್ಯಾಬಿಗೆ ಹೋಗಲೇಬೇಕು. ರಿಪೋರ್ಟ್ ಬರೋವರೆಗೂ ಊರು ಬಿಟ್ಟು ಹೋಗ್ಬೇಡಿ. ಕರೆದಾಗ ಬಂದು ಹೇಳಿಕೆ ಕೊಡ್ಬೇಕು." ಬಾಗಿಲ ಹತ್ತಿರ ನಿಂತು, "ಯಜಮಾನ್ರೇ, ನನ್ನ ಸರ್ವೀಸಲ್ಲಿ ಎಲ್ಲರೂ ಉಡಾನ ಮೇಕೆ ಅಂತಾರೆ. ಮೇಕೇನ ಉಡ ಅಂದೋರು ನೀವೊಬ್ರೇ," ಎಂದು ಹೊರಟರು.

ಜೀಪು ಹೋದ ಮೇಲೆ ಆಂಟಿ ಬಟ್ಟೆ ಚೀಲದಿಂದ ಟವೆಲ್ಲು ತೆಗೆದು ನೆಲ ಒರೆಸಲು ಬಗ್ಗಿದರು. ಅಳುತ್ತಿದ್ದರು. ನಾನು ಟವೆಲ್ಲು ಕಿತ್ತುಕೊಂಡು ಒರೆಸಿದೆ.

"ಗುರುಗಳು ಹಾಕಿದ್ದ ಚರ್ಮ ಹರೀತು," ಎಂದರು ಸಾರ್. ಯಾರೂ ಕೇಳಿರಲಿಲ್ಲ. "ಬ್ಯಾಡರಹಳ್ಳಿ ಆಚೆ ಒಬ್ಬ ಇದಾನೆ, ಉಡ ಹಿಡ್ಕೊಡ್ತಾನೆ ಅಂದ್ರು. ಆಗ ಅಲ್ಲೆಲ್ಲ ಬರೀ ಹೊಲ. ಚೀಲದಲ್ಲಿ ತಂದ. ಕಾಲನ್ನ ಬೆನ್ನ ಮೇಲೆ ತಿರುಚಿ ಕಟ್ಟಿದ್ದ. ಬಾಯೂ ಕಟ್ಟಿದ್ದ. ಅದು ನನ್ನೇ ನೋಡ್ತಾ ಇತ್ತು. ನಿಮ್ಮೆದುರೇ ಸುಲೀತೀನಿ ಸ್ವಾಮಿ, ಅಪ್ಪಟ ಅಂತ ಗೊತ್ತಾಗ್ಲಿ ಅಂದ. ನನ್ನ ಕೈಲಿ ಆಗ್ಲಿಲ್ಲ. ಬಿಡಿಸೋ ಧೈರ್ಯಾನೂ ಬರ್ಲಿಲ್ಲ. ಎದ್ದು ಬಂದ್ಬಿಟ್ಟೆ."

"ಇದನ್ನ ಹೇಳ್ಕೊಳ್ಳೋಕೆ ನಾಚಿಕೆ ಆಯ್ತಾ ನಿಮಗೆ?" ಎಂದರು ಆಂಟಿ. "ಬಾಳಲ್ಲಿ ಮಾಡಿದ್ದು ಒಂದು ಒಳ್ಳೇ ಕೆಲಸ. ಅದನ್ನ ಹೆಂಡತಿಗೂ ಹೇಳ್ದೆ ಮುಚ್ಚಿಟ್ಟು, ಬರೀ ಜಂಬ ಕೊಚ್ಕೊಂಡಿದ್ರಿ."

ನನಗೆ ಮರುಕ ಬಂತು. ಇಲ್ಲ ಎನ್ನುವುದಿಲ್ಲ. ಆದರೆ ಸಿಟ್ಟೂ ಅಲ್ಲೇ ಇತ್ತು, ಒಂದು ಗುಲಗಂಜಿಯೂ ಕಮ್ಮಿಯಾಗಿರಲಿಲ್ಲ.

"ನನಗ್ಯಾಕೆ ಹಾಗಂದ್ರಿ ಸಾರ್?"

ಅವರು ಒದ್ದೆ ಖಂಜಿರವನ್ನು ಮಡಿಲಲ್ಲಿಟ್ಟುಕೊಂಡಿದ್ದರು. "ಯಲ್ಲಪ್ಪ ಅಂದ್ಯಲ್ಲ. ಅಲ್ಲದೆ ನಿನ್ನ ಕೈಲಿ ಅದು ನನ್ನದರಷ್ಟೇ ಚೆನ್ನಾಗಿ ನುಡೀತಿತ್ತು. ನಾನು ಕೆಳಗೆ ಕೂತು ಕೇಳ್ತಾ ಇದ್ದೆ, ನೀನು ಶ್ರುತಿ ಮಾಡ್ಕೊಳ್ಳೋವಾಗ. ಇವಳು ನುಡಿಸಿಬಿಟ್ರೆ, ಆಮೇಲೆ ಅದೇ ವೇದಿಕೇಲಿ ನಾನು ನುಡಿಸಿದ್ರೆ, ಕಿವಿ ಇರೋ ಯಾರಾದ್ರೂ ಒಬ್ಬನಿಗೆ ಎರಡೂ ಒಂದೇ ಅಂತ ಗೊತ್ತಾಗುತ್ತೆ ಅನ್ನಿಸ್ತು. ಎದ್ದು ಬಂದೆ."

ನಾನು ಎಷ್ಟು ವರ್ಷ ಆ ಪೆಟ್ಟಿನ ತಪ್ಪು ನನ್ನ ಕೈಯಲ್ಲೇ ಇದೆಯೇನೋ ಎಂದು ಹುಡುಕಿದ್ದೆ.

"ನನಗೆ ಮೈಕಲ್ಲಿ ಹೇಳಿದ್ರಿ," ಎಂದೆ. "ಇದನ್ನೂ ಮೈಕಲ್ಲೇ ಹೇಳ್ಬೇಕು ನೀವು. ಮನೇಲಿ ಹೇಳಿದ್ದು ಲೆಕ್ಕಕ್ಕಿಲ್ಲ."

ಉತ್ತರಕ್ಕೆ ಕಾಯದೆ ಹೊರಟೆ. ಮನೆಗೆ ಹೋಗುವ ಮೊದಲು ಬಾಪೂಜಿ ನಗರಕ್ಕೆ ಹೋಗಿ ಯಲ್ಲಪ್ಪಣ್ಣನ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿ ನೋಡಿದೆ. ಅವರು ಊಟ ಮುಗಿಸಿ ಒಂದು ತಮಟೆಗೆ ಅಂಟು ಹಚ್ಚುತ್ತಿದ್ದರು. ಏನೂ ಹೇಳದೆ ವಾಪಸು ಬಂದೆ.

ಎರಡು ವಾರದ ಮೇಲೆ ವಿಜಯನಗರದಲ್ಲಿ ನನ್ನ ಕಛೇರಿ ಇತ್ತು. ಇನ್ನೇನು ಶುರು ಆಗಬೇಕು ಎನ್ನುವಾಗ ಸಾರ್ ಆಂಟಿಯ ತೋಳು ಹಿಡಿದುಕೊಂಡು ಒಳಗೆ ಬಂದರು. ನಾನು ಖಂಜಿರವನ್ನು ಎದೆಗೆ ಅವಚಿಕೊಂಡೆ. ಅವತ್ತಿನ ಹಾಗೇ ವೇದಿಕೆ ಹತ್ತಿದರು, ಅವತ್ತಿನ ಹಾಗೇ ಮೈಕ್ ಎಳೆದುಕೊಂಡರು. ಎರಡನೇ ಸಾಲಿನಲ್ಲಿ ಮುರಳೀಕೃಷ್ಣ ಫೋನ್ ಕೆಳಗಿಟ್ಟ.

"ನಾನು ಇಪ್ಪತ್ತೈದು ವರ್ಷದಿಂದ ನುಡಿಸ್ತಾ ಇರೋದು ಮೇಕೆ ಚರ್ಮ," ಎಂದರು. "ಉಡ ಅಂತ ಹೇಳಿದ್ದು ಸುಳ್ಳು. ಈ ಮಗೂನ ಒಂದಿನ ವೇದಿಕೆಯಿಂದ ಎಬ್ಬಿಸಿದ್ದೆ. ಆವತ್ತು ಎದ್ದು ಹೋಗ್ಬೇಕಾಗಿದ್ದು ನಾನು."

ಅಷ್ಟೇ ಹೇಳಿ ಇಳಿದುಹೋಗಿ ಮುಂದಿನ ಸಾಲಿನಲ್ಲಿ ಕೂತರು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ನಗಲಿಲ್ಲ.

ಗಾಯಕರು ತಂಬೂರಿ ಹಚ್ಚಿದರು. ಶ್ರುತಿಗೆ ಇಳಿಸಲು ನಾನು ಲೋಟಕ್ಕೆ ಬೆರಳು ಅದ್ದಿದೆ. ಒಂದು ಹನಿ, ಎರಡು, ಮೂರು. ಕೈ ಅಲ್ಲೇ ನಿಂತಿತು. ಎಲ್ಲ ಗೊತ್ತಿದ್ದೂ, ಎಲ್ಲ ಕಣ್ಣಾರೆ ಕಂಡೂ, ನಾಲ್ಕನೆಯದಕ್ಕೆ ಕೈ ಏಳಲೊಲ್ಲದು. ತಲೆ ಎತ್ತಿ ಸಾರ್ ಕಡೆ ನೋಡಿದೆ. ಅವರು ನನ್ನ ಬೆರಳನ್ನೇ ನೋಡುತ್ತಿದ್ದರು. ಕಣ್ಣು ತುಂಬಿಕೊಂಡಿತ್ತು. ಮಡಿಲಲ್ಲಿದ್ದ ಬಲಗೈಯನ್ನು ಸ್ವಲ್ಪ ಎತ್ತಿ, ಚೊಂಬು ಬಗ್ಗಿಸುವವರ ಹಾಗೆ ತಿರುಗಿಸಿ ತೋರಿಸಿದರು.

ನಾನು ಅಂಗೈ ತುಂಬ ನೀರು ತೆಗೆದುಕೊಂಡೆ.